ಒಂಬತ್ತು ನರಕ, ಒಂಬತ್ತು ಹಾಡು: ಪಾಪ ಮಾಡಿದವನು ಎಲ್ಲಿ?

ಪ್ರಶ್ನೆ: ನಾವು ಐದು ಜನ ಸೇರಿ ಶಿವಮೊಗ್ಗದಲ್ಲಿ ಒಂದು ರಾಕ್ ಬ್ಯಾಂಡ್ ಕಟ್ಟಿಕೊಂಡಿದ್ದೇವೆ. ಇಬ್ಬರು ತೀರ್ಥಹಳ್ಳಿ ಕಡೆಯವರು, ಒಬ್ಬ ಸಾಗರದವನು. ಪಾಪ ಮತ್ತು ಶಿಕ್ಷೆಯ ಮೇಲೆ ಕನ್ನಡದಲ್ಲಿ ಒಂದು ಕಾನ್ಸೆಪ್ಟ್ ಆಲ್ಬಂ, ಅಂದರೆ ಎಲ್ಲ ಹಾಡೂ ಒಂದೇ ವಿಷಯದ ಸುತ್ತ ಕಟ್ಟಿದ ಆಲ್ಬಂ, ಮಾಡುತ್ತಿದ್ದೇವೆ. ಒಂಬತ್ತು ಹಾಡು, ಒಂದೊಂದಕ್ಕೂ ಪುರಾಣದ ಒಂದೊಂದು ನರಕ. ಬಿಡಿಬಿಡಿಯಾಗಿ ಕೇಳಿದವರು ಚೆನ್ನಾಗಿದೆ ಅನ್ನುತ್ತಾರೆ. ಒಟ್ಟಿಗೆ ಕೇಳಿದವರು ನಾಲ್ಕನೇ ಹಾಡಿಗೇ ಸಾಕು ಅನ್ನುತ್ತಾರೆ. ಎಲ್ಲಿ ತಪ್ಪಿದ್ದೇವೆ? ಚಂಡೆ ಮದ್ದಳೆ ಸೇರಿಸುವ ಆಸೆಯೂ ಇದೆ, ಅದು ಹೊಂದುತ್ತದಾ? ಮಳೆಗಾಲ ಮುಗಿಯೋದರೊಳಗೆ ರೆಕಾರ್ಡಿಂಗ್ ಮುಗಿಸಬೇಕು ಅಂತಿದ್ದೇವೆ.

ಉತ್ತರ: ನೀವು ಕಳಿಸಿದ ಹಾಡುಗಳನ್ನು ಮೂರು ಸಲ ಕೇಳಿದೆ. ಒಮ್ಮೆ ಹಗಲು ಕೆಲಸ ಮಾಡುತ್ತಾ, ಒಮ್ಮೆ ರಾತ್ರಿ ಹೆಡ್‌ಫೋನ್ ಹಾಕಿಕೊಂಡು. ಮೂರನೇ ಸಲ ಸಾಹಿತ್ಯದ ಹಾಳೆಗಳನ್ನು ಎದುರಿಗಿಟ್ಟುಕೊಂಡು, ಕೈಯಲ್ಲಿ ಪೆನ್ಸಿಲ್ ಹಿಡಿದು. ನುಡಿಸೋದರಲ್ಲಿ ತಪ್ಪಿಲ್ಲ. ನಿಮ್ಮ ಡ್ರಮ್ಸ್ ಹುಡುಗನ ಕೈ ಗಟ್ಟಿಯಾಗಿದೆ, ಬೇಸ್ ನುಡಿಸುವವರಿಗೆ ಎಲ್ಲಿ ಸುಮ್ಮನಿರಬೇಕು ಅನ್ನೋದು ಗೊತ್ತಿದೆ. ತೊಂದರೆ ಬೇರೆ ಕಡೆ ಇದೆ.

ಪೆನ್ಸಿಲ್ ಹಿಡಿದು ನಾನು ಮಾಡಿದ್ದು ಇಷ್ಟು: ‘ನಾನು’ ಅನ್ನೋ ಮಾತು ಎಲ್ಲೆಲ್ಲಿ ಬಂದಿದೆ ಅಂತ ಗುರುತು ಹಾಕಿದೆ. ಒಂಬತ್ತು ಹಾಡು ಸೇರಿ ಎರಡೇ ಕಡೆ ಬಂದಿದೆ. ಎರಡೂ ಎಂಟನೇ ಹಾಡಿನಲ್ಲಿ. ಉಳಿದ ಕಡೆಯೆಲ್ಲ ‘ಅವನು’, ‘ಪಾಪಿಗಳು’, ‘ಮನುಜರೇ’. ಹಾಡುವವನು ದಡದಲ್ಲಿ ನಿಂತು ಮುಳುಗುವವರನ್ನು ಬೆರಳು ಮಾಡಿ ತೋರಿಸುತ್ತಿದ್ದಾನೆ. ಭಾಗವತದ ಐದನೇ ಸ್ಕಂಧದಲ್ಲಿ 28 ನರಕಗಳ ಪಟ್ಟಿ ಇದೆ. ಇನ್ನೊಬ್ಬರ ಹಣ, ಹೆಂಡತಿ, ಮಕ್ಕಳನ್ನು ಕಸಿದುಕೊಂಡವನಿಗೆ ತಾಮಿಸ್ರ. ಪ್ರಾಣಿಗಳನ್ನು ಜೀವಂತ ಬೇಯಿಸಿದವನಿಗೆ ಕುಂಭೀಪಾಕ, ಕುದಿಯುವ ಎಣ್ಣೆ. ನೀವು ಅದರಲ್ಲಿ ಒಂಬತ್ತನ್ನು ಆರಿಸಿ ಒಂದೊಂದಕ್ಕೂ ಒಂದೊಂದು ರಿಫ್, ಅಂದರೆ ಮತ್ತೆ ಮತ್ತೆ ಬರುವ ಗಿಟಾರ್ ತುಣುಕು, ಕೊಟ್ಟಿದ್ದೀರಿ. ಆದರೆ ಪಟ್ಟಿ ಕಥೆ ಆಗಲ್ಲ. ಎರಡನೇ ನರಕ ಮುಗಿಯುವಾಗಲೇ ಮೂರನೆಯದೂ ಹೀಗೇ ಇರುತ್ತದೆ ಅಂತ ಕೇಳುವವನಿಗೆ ಗೊತ್ತಾಗಿಬಿಡುತ್ತದೆ. ನಾಲ್ಕನೇ ಹಾಡಿಗೆ ಸಾಕು ಅನಿಸೋದು ಅದಕ್ಕೇ.

ಒಬ್ಬ ಮನುಷ್ಯ ಬೇಕು. ಅವನು ಒಂದು ತಪ್ಪು ಮಾಡಬೇಕು, ಅದನ್ನು ಮಾಡುವಾಗ ನಾವು ಅವನ ಪಕ್ಕದಲ್ಲೇ ನಿಂತಿರಬೇಕು.

ಪಿಂಕ್ ಫ್ಲಾಯ್ಡ್ ಬ್ಯಾಂಡಿನ ‘ದ ವಾಲ್’ ನೀವೆಲ್ಲ ಕೇಳಿಯೇ ಇರುತ್ತೀರಿ. 1979ರ ನವೆಂಬರ್ 30ಕ್ಕೆ ಬಂತು. ಎರಡು ರೆಕಾರ್ಡು, ನಾಲ್ಕು ಮಗ್ಗುಲು, 26 ಹಾಡು. ಅಷ್ಟು ದೊಡ್ಡದು ಹುಟ್ಟಿದ್ದು ಒಂದು ಚಿಕ್ಕ, ಕೊಳಕು ತಪ್ಪಿನಿಂದ. 1977ರ ಜುಲೈ 6ರಂದು ಕೆನಡಾದ ಮಾಂಟ್ರಿಯಲ್‌ನ ದೊಡ್ಡ ಸ್ಟೇಡಿಯಂನಲ್ಲಿ ನುಡಿಸುತ್ತಿದ್ದಾಗ, ಮುಂದೆ ಗಲಾಟೆ ಮಾಡುತ್ತಿದ್ದ ಒಬ್ಬ ಅಭಿಮಾನಿಯ ಮೇಲೆ ಬ್ಯಾಂಡಿನ ರೋಜರ್ ವಾಟರ್ಸ್ ಉಗಿದುಬಿಟ್ಟರು. ಆಮೇಲೆ ಅವರಿಗೆ ತಮ್ಮ ಬಗ್ಗೆಯೇ ಅಸಹ್ಯವಾಯಿತು. ನನಗೂ ಕೇಳುವವರಿಗೂ ನಡುವೆ ಒಂದು ಗೋಡೆ ಎದ್ದಿದೆ ಅನ್ನೋ ಯೋಚನೆ ಅಲ್ಲಿಂದ ಬೆಳೆಯಿತು. ಕೊನೆಯ ಮಗ್ಗುಲಿನಲ್ಲಿ ಕಥೆಯ ನಾಯಕನ ವಿಚಾರಣೆ ನಡೆಯುತ್ತದೆ, ನೆನಪಿದೆಯಾ? ಮೇಷ್ಟ್ರು, ಹೆಂಡತಿ, ತಾಯಿ ಒಬ್ಬೊಬ್ಬರಾಗಿ ಬಂದು ಮಾತಾಡುತ್ತಾರೆ. ಮನಸ್ಸಿನಲ್ಲಿ ಇದ್ದದ್ದನ್ನು ತೋರಿಸಿಕೊಂಡ ಅನ್ನೋದೇ ಆರೋಪ. ಕಟ್ಟಿಕೊಂಡ ಗೋಡೆಯನ್ನು ಕೆಡವಬೇಕು ಅನ್ನೋದೇ ಶಿಕ್ಷೆ. ಇಡೀ ಕೋರ್ಟು ಆ ಮನುಷ್ಯನ ತಲೆಯೊಳಗೇ ಕೂತಿದೆ. ಯಮನೂ ಇಲ್ಲ, ಎಣ್ಣೆ ಕೊಪ್ಪರಿಗೆಯೂ ಇಲ್ಲ, ಆದರೂ ಹೊಟ್ಟೆಯಲ್ಲಿ ಕಿವುಚಿದ ಹಾಗಾಗುತ್ತದೆ. ಅದಕ್ಕೂ ಹತ್ತು ವರ್ಷ ಮೊದಲು, 1969ರಲ್ಲಿ, ದ ಹೂ ಬ್ಯಾಂಡ್ ‘ಟಾಮಿ’ ಮಾಡಿತ್ತು. ಅಲ್ಲಿ ಮನೆಯಲ್ಲೇ ನಡೆದ ಕೊಲೆಯನ್ನು ಒಂದು ಮಗು ನೋಡುತ್ತದೆ. ನೀನು ಏನೂ ಕಂಡಿಲ್ಲ, ಏನೂ ಕೇಳಿಲ್ಲ ಅಂತ ದೊಡ್ಡವರು ಅದರ ತಲೆಗೆ ತುಂಬುತ್ತಾರೆ. ಮಗು ನಿಜವಾಗಿಯೇ ಕುರುಡು, ಕಿವುಡು, ಮೂಕ ಆಗಿಬಿಡುತ್ತದೆ. ಪಾಪ ಯಾರದ್ದೋ, ಶಿಕ್ಷೆ ಯಾರಿಗೋ.

ಇಷ್ಟು ಹೇಳಿ ನಿಲ್ಲಿಸಬಹುದಿತ್ತು. ಆದರೆ ನೀವು ಕನ್ನಡದಲ್ಲಿ ಮಾಡುತ್ತಿದ್ದೀರಿ, ಹಾಗಾಗಿ ನಮ್ಮದೇ ಒಂದನ್ನು ಹೇಳದೆ ಬಿಡೋಕೆ ಮನಸ್ಸಿಲ್ಲ. ಹೊಯ್ಸಳರ ಕಾಲದ ಜನ್ನ ಕವಿ 1209ರಲ್ಲಿ ಬರೆದ ‘ಯಶೋಧರ ಚರಿತೆ’. ಕಾಲೇಜಿನಲ್ಲಿ ಒಂದು ಭಾಗ ಓದಿ ಮರೆತಿರಬಹುದು. ದಯವಿಟ್ಟು ಇನ್ನೊಮ್ಮೆ ಓದಿ, ಈ ಸಲ ಸಂಗೀತಗಾರರಾಗಿ ಓದಿ. ಕಥೆ ಶುರುವಾಗೋದು ಬಲಿಪೀಠದ ಮುಂದೆ. ಇಬ್ಬರು ಎಳೆಯ ಅಣ್ಣ ತಂಗಿಯನ್ನು ಮಾರಿಗೆ ಬಲಿ ಕೊಡಲು ತಂದು ನಿಲ್ಲಿಸಿದ್ದಾರೆ. ಅವರು ಹೆದರೋದಿಲ್ಲ. ಯಾಕೆ ಅಂತ ರಾಜ ಕೇಳುತ್ತಾನೆ, ಅವರು ತಮ್ಮ ಹಿಂದಿನ ಜನ್ಮಗಳ ಕಥೆ ಹೇಳುತ್ತಾರೆ. ಆ ಕಥೆಯಲ್ಲಿ ರಾಣಿ ಅಮೃತಮತಿ ರಾತ್ರಿ ಒಬ್ಬ ಮಾವುತ ಹಾಡೋದನ್ನು ಕೇಳುತ್ತಾಳೆ. ಅವನ ಮುಖ ನೋಡೋದಕ್ಕೆ ಮೊದಲೇ, ಬರೀ ದನಿಗೆ ಮನಸ್ಸು ಕೊಡುತ್ತಾಳೆ. ರಾಜ ಯಶೋಧರನಿಗೆ ಗೊತ್ತಾಗುತ್ತದೆ, ಹೇಳಿಕೊಳ್ಳಲು ಆಗದೆ ಕೆಟ್ಟ ಕನಸು ಬಿತ್ತು ಅನ್ನುತ್ತಾನೆ. ಬಲಿ ಕೊಡು ಅನ್ನುತ್ತಾಳೆ ತಾಯಿ. ಜೀವ ತೆಗೆಯೋದು ಬೇಡ ಅಂತ ಹಿಟ್ಟಿನ ಕೋಳಿ ಮಾಡುತ್ತಾರೆ. ಕತ್ತಿ ಬೀಳುತ್ತದೆ, ಹಿಟ್ಟಿನ ಕೋಳಿ ಕೂಗುತ್ತದೆ.

ಆ ಕೂಗನ್ನು ಒಂದು ಕ್ಷಣ ಕಿವಿಯಲ್ಲಿ ಕೇಳಿಸಿಕೊಳ್ಳಿ.

ರಕ್ತ ಬಂದಿಲ್ಲ, ಆದರೂ ಕೊಂದ ಹಾಗೇ ಆಯಿತು, ಯಾಕೆಂದರೆ ಕತ್ತಿ ಎತ್ತಿದಾಗ ಕೊಲ್ಲುವ ಮನಸ್ಸು ಇತ್ತು. ಆಮೇಲೆ ರಾಣಿ ಇಬ್ಬರಿಗೂ ವಿಷ ಹಾಕುತ್ತಾಳೆ. ತಾಯಿ ಮಗ ನವಿಲು, ನಾಯಿ ಅಂತ ಪ್ರಾಣಿಗಳಾಗಿ ಹುಟ್ಟಿ ಹುಟ್ಟಿ ಸಾಯುತ್ತಾರೆ. ಕೊನೆಗೆ ಕೋಳಿಗಳಾಗುತ್ತಾರೆ. ಮುನಿಯ ಮಾತು ಕೇಳಿ ಖುಷಿಯಿಂದ ಕೂಗುತ್ತಾರೆ, ಆ ಸದ್ದನ್ನೇ ಗುರಿಯಾಗಿಟ್ಟು ರಾಜ ಬಾಣ ಬಿಡುತ್ತಾನೆ. ಆ ರಾಜ ಹೋದ ಜನ್ಮದ ಯಶೋಧರನ ಮಗನೇ. ಪಾಪ ಶುರುವಾದಾಗ ಒಂದು ಕೂಗು, ಶಿಕ್ಷೆ ಮುಗಿಯುವಾಗ ಒಂದು ಕೂಗು. ಒಂದೇ ಸದ್ದು, ಅರ್ಥ ಮಾತ್ರ ಪೂರ್ತಿ ಬದಲಾಗಿದೆ. ‘ದ ವಾಲ್’ನಲ್ಲೂ ಹೀಗೇ ಒಂದು ಕೆಲಸ ಮಾಡಿದ್ದಾರೆ. ರೆಕಾರ್ಡು ಮುಗಿಯುವಾಗ ಒಂದು ವಾಕ್ಯದ ಅರ್ಧ ಕೇಳಿಸುತ್ತದೆ, ಉಳಿದರ್ಧ ಮೊದಲ ಹಾಡಿನ ಶುರುವಿನಲ್ಲಿ ಇದೆ. ಕಾನ್ಸೆಪ್ಟ್ ಆಲ್ಬಂ ಅನ್ನೋದರ ಜೀವ ಇರೋದು ಇಲ್ಲಿ. ಹೆಸರಿನಲ್ಲಿ ಅಲ್ಲ, ಕವರ್ ಚಿತ್ರದಲ್ಲೂ ಅಲ್ಲ. ಒಂದು ಸದ್ದು ಹೋಗಿ, ಬೇರೆ ಭಾರ ಹೊತ್ತು ವಾಪಸ್ ಬರಬೇಕು. ನಿಮ್ಮ ಒಂಬತ್ತು ಹಾಡಿನಲ್ಲಿ ಯಾವ ಸದ್ದೂ ವಾಪಸ್ ಬರೋದಿಲ್ಲ.

ಇನ್ನೊಂದು ಮಾತು. ಕನ್ನಡದಲ್ಲಿ ‘ಪಾಪ’ ಅಂದರೆ ಎರಡು. ಮಾಡಿದ ತಪ್ಪೂ ಪಾಪವೇ. ಬಿದ್ದವನನ್ನು ನೋಡಿ ‘ಅಯ್ಯೋ ಪಾಪ’ ಅನ್ನುತ್ತೇವಲ್ಲ, ಅದೂ ಪಾಪವೇ. ಒಂದೇ ಮಾತಿನಲ್ಲಿ ದೂರೂ ಇದೆ, ಮರುಕವೂ ಇದೆ. ನೀವು ಮೊದಲನೆಯದನ್ನು ಮಾತ್ರ ಹಾಡಿದ್ದೀರಿ. ಆಲ್ಬಂ ಶುರುವಾದಾಗ ಕೇಳುವವನು ‘ಎಂಥ ಪಾಪ ಮಾಡಿದ’ ಅನ್ನಬೇಕು, ಮುಗಿಯುವಾಗ ಅವನ ಬಾಯಿಂದ ತಾನಾಗಿಯೇ ‘ಪಾಪ’ ಅಂತ ಬರಬೇಕು. ಈ ದಾರಿ ಬೇರೆ ಭಾಷೆಯವರಿಗೆ ಇಷ್ಟು ಸುಲಭವಾಗಿ ಸಿಗೋದಿಲ್ಲ, ನಿಮಗೆ ಬಾಯಿಮಾತಿನಲ್ಲೇ ಇದೆ.

ನಮ್ಮ ಅಜ್ಜಿ ಒಮ್ಮೆ ಕೆಲಸಕ್ಕೆ ಬರುತ್ತಿದ್ದ ಒಬ್ಬ ಹೆಂಗಸಿನ ಮೇಲೆ ಕಳ್ಳತನದ ಮಾತು ಹೊರಿಸಿದ್ದರು. ಬೆಳ್ಳಿ ಲೋಟ ಕಾಣೆಯಾಗಿತ್ತು. ಎರಡು ದಿನ ಬಿಟ್ಟು ಅದು ಅಕ್ಕಿ ಡಬ್ಬಿಯೊಳಗೆ ಸಿಕ್ಕಿತು. ಅಜ್ಜಿ ಯಾರಿಗೂ ಏನೂ ಹೇಳಲಿಲ್ಲ. ಅರಿಶಿನ ಹಚ್ಚಿದ ಬಟ್ಟೆ ಚೂರಿನಲ್ಲಿ ಒಂದು ರೂಪಾಯಿ ಇಟ್ಟು ಗಂಟು ಹಾಕಿ ದೇವರ ಮುಂದೆ ಇಟ್ಟರು, ತಪ್ಪು ಕಾಣಿಕೆ ಅಂತ. ಆಮೇಲೆ ಆ ಹೆಂಗಸಿಗೆ ಊಟ ಬಡಿಸುವಾಗ ಅಜ್ಜಿಯ ಕೈ ನಡುಗಿ ಸೌಟು ತಟ್ಟೆಗೆ ತಾಗಿ ಟಿಣ್ ಅಂತ ಸದ್ದಾಯಿತು. ನನಗೆ ಆಗ ಎಂಟೋ ಒಂಬತ್ತೋ ವರ್ಷ. ದೇವರ ಹತ್ತಿರ ಲೆಕ್ಕ ಮುಗಿದಿತ್ತು, ಆ ಹೆಂಗಸಿನ ಹತ್ತಿರ ಮುಗಿದಿರಲಿಲ್ಲ. ಪಾಪ ಶಿಕ್ಷೆ ಅಂದಾಗ ಇವತ್ತಿಗೂ ನನ್ನ ಕಿವಿಗೆ ಬರೋದು ಆ ಟಿಣ್ ಸದ್ದು.

ಅದಕ್ಕೇ ಹೇಳೋದು, ನರಕವನ್ನು ನಿಮ್ಮ ಊರಿಗೆ ತನ್ನಿ. ಸುಮ್ನೆ ಒಂದು ಉದಾಹರಣೆ ಕೊಡುತ್ತೇನೆ, ಬೇಕಾದರೆ ತೆಗೆದುಕೊಳ್ಳಿ, ಇಲ್ಲವಾದರೆ ನಿಮ್ಮದೇ ಹುಡುಕಿ. ಅಡಿಕೆ ತೋಟದವನೊಬ್ಬ ರಾತ್ರಿ ಹೊತ್ತು ಗಡಿಕಲ್ಲು ಕಿತ್ತು ಪಕ್ಕದವನ ಜಾಗಕ್ಕೆ ಎರಡು ಮಾರು ಸರಿಸಿ ನೆಡುತ್ತಾನೆ. ಪಕ್ಕದವನು ಗಟ್ಟಿಯಾಗಿ ಜಗಳ ಮಾಡುವ ಪೈಕಿ ಅಲ್ಲ. ದೇವತೆ ಚೌಡಿಗೆ ಹುಯಿಲು ಕೊಟ್ಟು ಸುಮ್ಮನಾಗುತ್ತಾನೆ. ಸಿಗಂದೂರು ಚೌಡೇಶ್ವರಿಯ ರಕ್ಷಣೆ ಇದೆ ಅಂತ ತೋಟದ ಬಾಗಿಲಿಗೆ ಬೋರ್ಡು ಹಾಕಿರೋದನ್ನು ನೀವು ಎಷ್ಟು ಕಡೆ ನೋಡಿಲ್ಲ? ಅಂಥದ್ದೊಂದು ಬೋರ್ಡು ಅಷ್ಟೇ. ಆಮೇಲೆ ಮಳೆ ಹಿಡಿಯುತ್ತದೆ. ರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯೋಕೆ ಮಳೆ ಹೊಳವಾಗಲೇ ಇಲ್ಲ, ಅಡಿಕೆ ಗೊನೆಗಳಿಗೆ ಕೊಳೆ ಬಂತು. ಕೊಳೆರೋಗ ಬರೋದು ಬಿಡದೆ ಸುರಿಯುವ ಮಳೆಗೆ, ತೇವಕ್ಕೆ, ಅದರಲ್ಲಿ ಬೆಳೆಯುವ ಫೈಟಾಫ್ಥೊರಾ ಅನ್ನೋ ಸೂಕ್ಷ್ಮಜೀವಿಗೆ. ಆ ವರ್ಷ ಎಲ್ಲರ ತೋಟಕ್ಕೂ ಬಂದಿದೆ. ಆದರೆ ಇವನಿಗೆ ಮಾತ್ರ ಅದು ರೋಗ ಅಲ್ಲ, ತೀರ್ಪು. ರಾತ್ರಿಯೆಲ್ಲ ಕೊಳೆತ ಕಾಯಿ ಉದುರುವ ಸದ್ದನ್ನು ಎಣಿಸುತ್ತಾ ಕೂರುತ್ತಾನೆ. ಚೌಡಿ ಬಂದಳಾ ಇಲ್ಲವಾ ಅಂತ ನೀವು ಯಾವತ್ತೂ ಹೇಳಬೇಡಿ. ಹೇಳಿದ ಕೂಡಲೇ ಹಾಡು ಸತ್ತುಹೋಗುತ್ತದೆ.

ಶಿಕ್ಷೆಗೆ ಪಾಪದ್ದೇ ಆಕಾರ ಇರಲಿ. ಇಟಲಿಯ ಕವಿ ದಾಂತೆ ತನ್ನ ನರಕವನ್ನು ಹಾಗೇ ಕಟ್ಟಿದ್ದ. ಮುಂದಾಗೋದನ್ನು ನೋಡುತ್ತೇವೆ ಅಂದ ಜ್ಯೋತಿಷಿಗಳ ಕುತ್ತಿಗೆ ಅಲ್ಲಿ ಹಿಂದಕ್ಕೆ ತಿರುಗಿರುತ್ತದೆ, ಮುಂದೆ ನೋಡೋಕೇ ಆಗಲ್ಲ. ಹಾಗೆಯೇ ಗಡಿ ಸರಿಸಿದವನಿಗೆ ತನ್ನ ತೋಟ ಎಲ್ಲಿ ಮುಗಿಯುತ್ತದೆ ಅನ್ನೋದೇ ತಪ್ಪಿಹೋಗಲಿ. ಐದನೇ ಹಾಡಿನಲ್ಲಿ ಅವನು ಟಾರ್ಚ್ ಹಿಡಿದು ಕಲ್ಲು ಹುಡುಕುತ್ತಾನೆ, ಕಲ್ಲು ಸಿಗೋದಿಲ್ಲ. ಹಾರೆ ಕಲ್ಲಿಗೆ ತಾಗುವ ಸದ್ದು ಮೊದಲ ಹಾಡಿನಲ್ಲಿ ಬರಲಿ, ನಾಲ್ಕರಲ್ಲಿ ಅದೇ ಸದ್ದು ಡ್ರಮ್ಸ್‌ನ ಏಟಾಗಿ ಬರಲಿ, ಕೊನೆಯಲ್ಲಿ ಅವನೇ ಕಲ್ಲನ್ನು ವಾಪಸ್ ನೆಡುವಾಗ ಮತ್ತೆ ಕೇಳಿಸಲಿ. ಎಂಟನೇ ಹಾಡಿನ ಆ ಎರಡು ‘ನಾನು’ ಇದೆಯಲ್ಲ, ಅಲ್ಲಿಂದ ಬರೆಯೋಕೆ ಶುರುಮಾಡಿ. ಇಡೀ ಆಲ್ಬಂನಲ್ಲಿ ನನ್ನ ಮೈ ಜುಮ್ಮೆಂದಿದ್ದು ಆ ಒಂದು ಕಡೆ.

ಸಾಹಿತ್ಯದ ಬಗ್ಗೆ. ಇಂಗ್ಲಿಷ್ ಸಾಲು ಎಷ್ಟೋ ಸಲ ವ್ಯಂಜನದ ಮೇಲೆ ಪಟ್ ಅಂತ ನಿಲ್ಲುತ್ತದೆ, ಏಟು ಅಲ್ಲೇ ಬೀಳುತ್ತದೆ. ನಮ್ಮ ಮಾತುಗಳು ಜಾಸ್ತಿ ಉ, ಇ, ಎ ಸ್ವರದಲ್ಲಿ ಮುಗಿಯುತ್ತವೆ, ಸಾಲಿನ ತುದಿ ಮೆತ್ತಗಾಗುತ್ತದೆ. ಅದಕ್ಕೆ ಉಪಾಯ ಒತ್ತಕ್ಷರದಲ್ಲಿದೆ. ಕಲ್ಲು, ಕತ್ತಿ, ಕಿತ್ತು, ನೆಟ್ಟು, ಬಿಟ್ಟು, ಹೊತ್ತು, ಮುಚ್ಚು. ಡ್ರಮ್ಸ್‌ನ ಸ್ನೇರ್ ಏಟು ಇಂಥ ಒತ್ತಿನ ಮೇಲೆ ಬರುವ ಹಾಗೆ ಸಾಲು ಕೂರಿಸಿ. ನಿಮ್ಮ ಎರಡನೇ ಹಾಡಿನ ಪಲ್ಲವಿಯಲ್ಲಿ ಸಂಸ್ಕೃತದ ಉದ್ದುದ್ದ ಸಮಾಸಗಳಿವೆ, ಹಾಡುವವರು ಉಸಿರು ಎಳೆದುಕೊಳ್ಳೋದು ಕೇಳಿಸುತ್ತದೆ. ಹ್ರಸ್ವ ದೀರ್ಘವನ್ನೂ ನೋಡಿಕೊಳ್ಳಿ. ‘ಮರ’ ಅನ್ನೋದನ್ನು ಎಳೆದರೆ ‘ಮಾರ’ ಆಗುತ್ತದೆ, ‘ಬಳಿ’ ‘ಬಾಳಿ’ ಆಗುತ್ತದೆ. ಎಳೆಯಬೇಕಾದ ಕಡೆ ದೀರ್ಘ ಇರುವ ಮಾತನ್ನೇ ಹಾಕಿ. ಹೆಗ್ಗೋಡಿನ ನೀನಾಸಂ ರಂಗಸಂಸ್ಥೆಯ ಶಿಬಿರಕ್ಕೆ ಹೋಗಿಬಂದವರು ಸಾಗರದಲ್ಲಿ ಯಾರಾದರೂ ಸಿಕ್ಕೇ ಸಿಗುತ್ತಾರೆ. ಅವರಿಗೆ ಸಾಹಿತ್ಯ ಕೊಟ್ಟು, ಸಂಗೀತ ಇಲ್ಲದೆ ಸುಮ್ಮನೆ ಗಟ್ಟಿಯಾಗಿ ಓದೋಕೆ ಹೇಳಿ. ಅವರ ನಾಲಿಗೆ ಎಲ್ಲಿ ಎಡವುತ್ತದೋ ಅಲ್ಲಿ ನಿಮ್ಮ ಸಾಲು ಸರಿಯಿಲ್ಲ.

ಚಂಡೆ ಖಂಡಿತ ಹೊಂದುತ್ತದೆ. ಆದರೆ ಅಲಂಕಾರಕ್ಕೆ ಅಂತ ತರಬೇಡಿ. ಯಕ್ಷಗಾನದ ಆಟ ನೋಡಿದವರಿಗೆಲ್ಲ ಗೊತ್ತು, ಚಂಡೆ ಎದ್ದರೆ ರಾಕ್ಷಸನೋ ವೀರನೋ ಯಾರೋ ಬರುತ್ತಿದ್ದಾರೆ ಅಂತ ಮೈ ಮೊದಲೇ ಸಿದ್ಧವಾಗುತ್ತದೆ. ಆ ಕಾಯುವಿಕೆಯನ್ನೇ ಬಳಸಿಕೊಳ್ಳಿ. ಚಂಡೆ ಏಳಲಿ, ಏರಲಿ, ಯಾರೂ ಬಾರದೇ ಇರಲಿ. ಅಪರಾಧಿಯ ರಾತ್ರಿ ಹಾಗೇ ಇರುತ್ತದೆ. ತಾಳದ ವಿಷಯದಲ್ಲಿ ನೀವು ಅಂದುಕೊಂಡಷ್ಟು ದೂರ ಇಲ್ಲ. ತ್ರಿವುಡೆ ತಾಳಕ್ಕೆ ಏಳು ಅಕ್ಷರ, ಪಿಂಕ್ ಫ್ಲಾಯ್ಡ್‌ನ 1973ರ ‘ಮನಿ’ ಹಾಡಿನ ನಡೆಯೂ ಬಹುಪಾಲು ಏಳರದ್ದೇ. ಝಂಪೆಯ ಹತ್ತನ್ನು ಐದೈದಾಗಿ ಎಣಿಸಿದರೆ ನಿಮ್ಮ ಏಳನೇ ಹಾಡಿಗೆ ನೇರವಾಗಿ ಕೂರುತ್ತದೆ. ತೊಂದರೆ ಇರೋದು ಶ್ರುತಿಯಲ್ಲಿ. ಮದ್ದಳೆಯನ್ನು ಶ್ರುತಿಗೆ ಕೂಡಿಸಿಕೊಂಡೇ ನುಡಿಸುತ್ತಾರೆ. ನೀವು ಒಂಬತ್ತು ಹಾಡಿಗೆ ಆರು ಬೇರೆ ಬೇರೆ ಕೀ ಇಟ್ಟುಕೊಂಡು ಬಂದರೆ ಅವರಿಗೆ ಹಿಂಸೆ. ಮದ್ದಳೆ ಬರುವ ಹಾಡುಗಳನ್ನೆಲ್ಲ ಒಂದೇ ಶ್ರುತಿಗೆ ತನ್ನಿ, ಗಿಟಾರನ್ನು ಬೇಕಾದರೆ ಅರ್ಧ ಸ್ವರ ಇಳಿಸಿ. ಚಂಡೆಯ ಸದ್ದು ಸ್ನೇರ್ ಮತ್ತು ಸಿಂಬಲ್ ಇರುವ ಜಾಗಕ್ಕೇ ಬಂದು ಬೀಳುತ್ತದೆ, ಮೂರೂ ಒಟ್ಟಿಗೆ ಬಂದರೆ ಬರೀ ಗದ್ದಲ. ಚಂಡೆ ನುಡಿಯುವಾಗ ಡ್ರಮ್ಸ್ ಬರೀ ಕಿಕ್ ಮತ್ತು ಟಾಮ್‌ನಲ್ಲಿ ಇರಲಿ. ಮೈಕ್ ಹತ್ತಿರ ಇಡಬೇಡಿ, ಆರೇಳು ಅಡಿ ದೂರ ಇಟ್ಟು ಕೋಣೆಯ ಗುಂಗನ್ನೂ ಹಿಡಿಯಿರಿ. ಮತ್ತೆ, ಕಲಾವಿದರನ್ನು ಕರೆಸಿ ನಿಮ್ಮ ತಾಳ ಎಣಿಸುವ ಕ್ಲಿಕ್ ಟ್ರ್ಯಾಕ್‌ಗೆ ನುಡಿಸಿ ಅಂತ ಮೊದಲ ದಿನವೇ ಹೆಡ್‌ಫೋನ್ ಹಾಕಬೇಡಿ. ಒಂದು ದಿನ ಎದುರುಬದುರು ಕೂತು ನುಡಿಸಿ, ಊಟ ಮಾಡಿ. ಯಾವ ಜಾಗದಲ್ಲಿ ಏನು ಬೇಕು ಅಂತ ನಿಮಗಿಂತ ಅವರಿಗೇ ಚೆನ್ನಾಗಿ ಹೊಳೆಯುತ್ತದೆ.

ಮಳೆಗಾಲದೊಳಗೆ ರೆಕಾರ್ಡಿಂಗ್ ಮುಗಿಸೋದು ಬೇಡವೇ ಬೇಡ. ತೇವಕ್ಕೆ ಮದ್ದಳೆಯ ಚರ್ಮ ಸಡಿಲವಾಗಿ ಶ್ರುತಿ ಇಳಿಯುತ್ತದೆ, ಗಿಟಾರಿನ ಕುತ್ತಿಗೆ ಬಾಗುತ್ತದೆ, ಕಂಡೆನ್ಸರ್ ಮೈಕ್ ಚಿಟಪಟ ಅನ್ನೋಕೆ ಶುರುಮಾಡುತ್ತದೆ, ಮೇಲೆ ತಗಡಿನ ಮಾಡು ಇದ್ದರಂತೂ ಪಿಸುಮಾತಿನ ಹಾಡು ಕನಸೇ ಸರಿ. ಕರೆಂಟಿನ ಕಥೆ ನಿಮಗೇ ಗೊತ್ತು. ಮಳೆಗಾಲದಲ್ಲಿ ಬರೆಯಿರಿ, ಸದ್ದು ಕೂಡಿಹಾಕಿ. ಹೆಂಚಿನ ಮೇಲೆ ಬೀಳುವ ಮಳೆ ಬೇರೆ, ತಗಡಿನ ಮೇಲೆ ಬೇರೆ, ಬಾಳೆ ಎಲೆ ಮೇಲೆ ಬೇರೆ, ಮಳೆ ನಿಂತ ಮೇಲೆ ಅಡಿಕೆ ಮರದಿಂದ ತೊಟ್ಟಿಕ್ಕೋದು ಇನ್ನೂ ಬೇರೆ. ಸಂಜೆ ಜೀರುಂಡೆ ಒಮ್ಮೆಲೇ ನಿಲ್ಲುವ ಕ್ಷಣ ಸಿಕ್ಕಿದರೆ ಅದನ್ನಂತೂ ಬಿಡಬೇಡಿ, ಭಯಕ್ಕೆ ಅದಕ್ಕಿಂತ ಒಳ್ಳೆ ಸದ್ದು ಯಾವ ಕೀಬೋರ್ಡಿನಲ್ಲೂ ಇಲ್ಲ. ದೀಪಾವಳಿ ಕಳೆದ ಮೇಲೆ ಡ್ರಮ್ಸ್ ಮತ್ತು ಹಾಡಿಕೆ ಇಟ್ಟುಕೊಳ್ಳಿ.

ಈಗಿನ ಉದ್ದ 63 ನಿಮಿಷ. ಇದು ಜಾಸ್ತಿ ಆಯಿತು. ಹಳೇ ಎಲ್‌ಪಿ ರೆಕಾರ್ಡಿನ ಒಂದು ಮಗ್ಗುಲಿಗೆ ಸುಮಾರು 22 ನಿಮಿಷ ಹಿಡಿಯುತ್ತಿತ್ತು. ಮಗ್ಗುಲು ತಿರುಗಿಸುವ ಜಾಗದಲ್ಲಿ ಕಥೆಯೂ ತಿರುಗಬೇಕಿತ್ತು. ಆ ಅಳತೆ ಒಳ್ಳೆಯದು. 42, 43 ನಿಮಿಷಕ್ಕೆ ಇಳಿಸಿ, ನಡುವೆ ಒಂದು ತಿರುವು ಇಡಿ. ಮೂರು ಮತ್ತು ಆರನೇ ಹಾಡು ಬಿಟ್ಟರೆ ಏನೂ ನಷ್ಟವಿಲ್ಲ, ಆರರ ಗಿಟಾರ್ ಸೋಲೋ ಮಾತ್ರ ಬೇರೆ ಎಲ್ಲಾದರೂ ಉಳಿಸಿಕೊಳ್ಳಿ. ಹಾಡುಗಳ ನಡುವೆ ಮಳೆಯ ಸದ್ದು ಹರಿಯಬೇಕಾದರೆ ಮಾಸ್ಟರಿಂಗ್ ಮಾಡುವವರಿಗೆ ಮೊದಲೇ ಹೇಳಿ, ಫೈಲ್‌ಗಳನ್ನು ವೇವ್ (WAV) ರೂಪದಲ್ಲೇ ಕೊಡಿ. ಎಂಪಿತ್ರೀ ಮಾಡಿದರೆ ತುದಿಯಲ್ಲಿ ಒಂದು ಚೂರು ಮೌನ ಸೇರಿಕೊಂಡು ಹರಿವು ಕತ್ತರಿಸುತ್ತದೆ.

ಕೊನೆಯದಾಗಿ ಒಂಬತ್ತನೇ ಹಾಡು. ಅಲ್ಲಿ ನೀವು ಯಮನ ತೀರ್ಪು ಓದಿಸಿದ್ದೀರಿ, ಕೋರಸ್ ಸೇರಿಸಿ, ಎಲ್ಲ ವಾದ್ಯ ಎತ್ತಿ. ಅದನ್ನು ತೆಗೆಯಿರಿ. ತೀರ್ಪು ಮುಗಿದ ಮೇಲೆ ಯಾರೋ ಆಂಪ್ ಆಫ್ ಮಾಡಲು ಮರೆತ ಹಾಗೆ ಗಿಟಾರ್ ಒಂದೇ ನಲವತ್ತು ಸೆಕೆಂಡ್ ಉಳಿಯುತ್ತದಲ್ಲ, ತಂತಿ ಮೇಲೆ ಬೆರಳು ಜಾರುವ ಕಿರ್ ಸದ್ದೂ ಕೇಳಿಸುತ್ತದೆ. ಅದು ಬೇಕು ಅಂತ ಮಾಡಿದ್ದೋ, ತಾನಾಗಿ ಆಗಿದ್ದೋ ನೀವೇ ಹೇಳಬೇಕು. ಅದನ್ನು ಮಾತ್ರ ಮುಟ್ಟಬೇಡಿ, ಹೊಸದಾಗಿ ನುಡಿಸಲೂ ಹೋಗಬೇಡಿ. ಡೆಮೊದಲ್ಲಿ ಇರುವ ಅದೇ ತುಣುಕನ್ನು ಹಾಗೇ ತೆಗೆದಿಡಿ. ಹಾರೆಯ ಸದ್ದು ಕೊನೆಯ ಸಲ ಕೇಳಿಸಿ ನಿಂತ ಮೇಲೆ ಅದು ಬರಲಿ.